ಹಿಡಿಹುಲ್ಲಿನ ಪಾದೆ

ಮಂಜೊಟ್ಟಿನ ದೊಡ್ಡ ಮನೆಗಳವರು ಒಬ್ಬ ತಾಯಿ ತಂದ ಹುಲ್ಲನ್ನು ದೇವರ ಗೋದಲಿಯಿಂದ ಕಿತ್ತು ಹೊರಗೆಸೆದರು. ಈಗ ಅವರ ಮೊಮ್ಮಕ್ಕಳು ಆ ಹುಲ್ಲಿಗೆ ಜಾಗ ಕೊಟ್ಟ ಬಂಡೆಗೇ ಬೀಗ ಜಡಿದಿದ್ದಾರೆ.

ಇಗರ್ಜಿಯ ಹಿಂದಿನ ಗುಡ್ಡ ಹತ್ತಿದರೆ ಆ ಪಾದೆ ಕಾಣುತ್ತದೆ. ಕಪ್ಪು ಕಲ್ಲು, ನೆತ್ತಿಯಲ್ಲಿ ತೊಟ್ಟಿಲಿನಂಥ ತಗ್ಗು. ಸುತ್ತ ಕಬ್ಬಿಣದ ಬೇಲಿ, ಬಾಗಿಲಲ್ಲಿ 'ಬಾಲಯೇಸುವಿನ ಪವಾಡ ಶಿಲೆ' ಎಂಬ ಫಲಕ, ಅದರಲ್ಲಿ ದೇವರಿಗಿಂತ ದಪ್ಪ ಅಕ್ಷರದಲ್ಲಿ ದಾನಿಗಳ ಹೆಸರು. ಕ್ರಿಸ್‌ಮಸ್ಸಿನ ಹಿಂದಿನ ಭಾನುವಾರ ಇಲ್ಲಿ ವಿಶ್ವಾಸ ಮತ್ತು ಸಂಸ್ಕೃತಿಯ ಸಂಭ್ರಮವಂತೆ! ನಕ್ಷತ್ರಗಳು ತೂಗುತ್ತವೆ, ಭಾಷಣಗಳು ಅವಕ್ಕಿಂತ ಎತ್ತರದಲ್ಲಿ ತೂಗುತ್ತವೆ. ಹಬ್ಬದ ತಿಂಡಿ ಕುಸ್ವಾರಿನ ತಟ್ಟೆಗಳು ಮುಂದಿನ ಸಾಲಿನ ಸೋಫಾಗಳಲ್ಲೇ ಖಾಲಿಯಾಗುತ್ತವೆ. ಚಪ್ಪರ ಹಾಕಿದ, ಗುಡ್ಡದ ಕೆಳಗಿನ ಗದ್ದೆಬೈಲಿನವರು ಬೇಲಿಯಾಚೆ ನಿಂತು ಚಪ್ಪಾಳೆ ತಟ್ಟಬೇಕು. ಫಲಕ ಏನೇ ಒದರಲಿ, ಊರಿನ ಬಾಯಲ್ಲಿ ಅದು ಹಿಡಿಹುಲ್ಲಿನ ಪಾದೆ.

ಹಿಂದೆ ಒಮ್ಮೆ, ಗೇಣಿಯ ಕಾಲದಲ್ಲಿ, ಬೈಲಿನ ಒಕ್ಕಲುಗಳಲ್ಲಿ ಸೆರಾಫಿನ್ ಬಾಯಿ ಎಂಬವಳಿದ್ದಳು ಎನ್ನುತ್ತಾರೆ. ಇಗರ್ಜಿಯ ಯಜಮಾನಿಕೆ ನಡೆಸುವ ಗುರ್ಕಾರ ಕಾಯ್ತಾನ್ ಪೊರ್ಬುವಿನ ಅಂಗಳದಲ್ಲಿ ಭತ್ತ ಬಡಿಯುವವಳು ಅವಳೇ, ಇಗರ್ಜಿ ಗುಡಿಸುವವಳೂ ಅವಳೇ. ಹಬ್ಬದ ಮುಂಚಿನ ಭಾನುವಾರ ಪ್ರತಿ ಮನೆಯವರೂ ತಲೆಗೊಂದು ಹಿಡಿಯಂತೆ ಬೈಹುಲ್ಲು ತಂದು ಗೋದಲಿಯಲ್ಲಿ ಹಾಸುವುದು ಅಲ್ಲಿಯ ಕಟ್ಟಳೆ. ಆಯಾ ವರ್ಷ ಸತ್ತವರಿಗೂ ಒಂದು ಹಿಡಿ. ಬಾಲಯೇಸು ಅದರ ಮೇಲೆ ಮಲಗಿದರೆ ಸತ್ತವರೂ ಹಬ್ಬಕ್ಕೆ ಮನೆಗೆ ಬಂದ ಹಾಗೆ ಎಂಬ ನಂಬಿಕೆ. ಸೆರಾಫಿನಳ ಮಗಳು ಅಪೊಲ್ಲಿನ್ ಮಳೆ ಹೊಯ್ಯುವ ಆಟಿ ತಿಂಗಳ ಜ್ವರದಲ್ಲಿ ತೀರಿಕೊಂಡಿದ್ದಳು. ಗಂಡನದೊಂದು, ತನ್ನದೊಂದು ಹಿಡಿ ಹಾಸಿ, ಮಗಳದ್ದನ್ನು ಮೆಲ್ಲನೆ ಇಟ್ಟಳು. ಗುರ್ಕಾರ ಮೂಗು ಮುಚ್ಚಿಕೊಂಡು ಮೂರನ್ನೂ ಬಾಚಿ ಅಂಗಳಕ್ಕೆ ಎಸೆದ.

"ಥೂ, ಕೊಟ್ಟಿಗೆಯ ನಾತ! ದೇವರ ಮಗುವಿಗೆ ಇದಾ ಹಾಸಿಗೆ?"

"ಅವನು ಮತ್ತೆಲ್ಲಿ ಹುಟ್ಟಿದ್ದು ಪೊರ್ಬುಗಳೇ, ನಿಮ್ಮ ಚಾವಡಿಯಲ್ಲಾ?"

ಬೈಲಿನ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಕ್ಕರು.

"ನಾಲಗೆ ಉದ್ದ ಆಯ್ತು ನಿನ್ನದು. ನಡೆ ಆಚೆ!"

"ನಡೆಯುತ್ತೇನೆ. ನಿಮ್ಮ ಹಿಡಿಯನ್ನೂ ಬಡಿದವಳು ನಾನೇ. ಅತ್ತರಿನ ವಾಸನೆ ಬರುತ್ತದಾ, ಒಮ್ಮೆ ಮೂಸಿ ನೋಡಿ."

ಪಾದ್ರಿಗಳು ಆಗ ಜಪಸರದ ಮಣಿಗಳನ್ನು ಬಹಳ ಭಕ್ತಿಯಿಂದ ನೋಡುತ್ತಿದ್ದರಂತೆ. ಅಂಗಳದ ಹುಲ್ಲನ್ನು ಜನ ಆಗಲೇ ತುಳಿದಿದ್ದರು. ಮಗಳ ಹಿಡಿ ಯಾವುದೆಂದು ಸೆರಾಫಿನಳಿಗೆ ಗುರುತು ಸಿಗಲಿಲ್ಲ. ಒಂದು ಕಡ್ಡಿಯನ್ನೂ ಬಿಡದೆ ಹೆಕ್ಕಿ, ಗುಡ್ಡ ಹತ್ತಿ, ಪಾದೆಯ ತಗ್ಗಿನಲ್ಲಿ ಹಾಸಿದಳು. ಬೈಲಿನವರೂ ತಮ್ಮ ತಮ್ಮ ಹಿಡಿಗಳನ್ನು ಗೋದಲಿಯಿಂದ ಎತ್ತಿಕೊಂಡು ಅವಳ ಹಿಂದೆ ನಡೆದರು. ಹಬ್ಬದ ಬೆಳಿಗ್ಗೆ ಗೋದಲಿ ಬರಿದಾಗಿತ್ತು; ಬಾಲಯೇಸುವಿನ ಪ್ರತಿಮೆ ಪಾದೆಯ ಹುಲ್ಲಿನ ಮೇಲೆ ಮಲಗಿತ್ತು. ಮಗು ತಾನೇ ನಡೆದು ಹೋಯಿತು, ಗುರ್ಕಾರ ಎಷ್ಟು ಎಳೆದರೂ ಮೇಲೇಳಲಿಲ್ಲ ಎನ್ನುತ್ತಾರೆ ದೊಡ್ಡ ಮನೆಯವರು. ಒಂದು ಗೇಣಿನ ಮರದ ಗೊಂಬೆ ಮೇಲೇಳಲಿಲ್ಲವಂತೆ! ಬೈಲಿನ ಮುದುಕಿಯರು ಹೇಳುವುದೇ ಬೇರೆ. ನಡುರಾತ್ರಿಯ ಪೂಜೆ ಮುಗಿದ ಮೇಲೆ ಇಗರ್ಜಿ ಗುಡಿಸಿದ ಸೆರಾಫಿನ್ ಅದನ್ನು ಸೆರಗಿನಲ್ಲಿಟ್ಟುಕೊಂಡು ಬೈಲಿನವರೆಲ್ಲರ ಎದುರೇ ಗುಡ್ಡ ಹತ್ತಿದಳು. ಕಂಡವರು ಬಾಯಿ ಬಿಡಲಿಲ್ಲ. ಬೆಳಿಗ್ಗೆ ಬೈಲಿಗೆ ಬೈಲೇ ಪಾದೆಯನ್ನು ಸುತ್ತುವರಿದು ನಿಂತಿತ್ತು. ಗುರ್ಕಾರನ ಕೈ ಮೇಲೇಳದಿದ್ದುದು ಅದಕ್ಕೆ. ಪವಾಡ ಎಂದರೆ ಅವನ ಮಾನ ಉಳಿಯುತ್ತಿತ್ತು, ಕಳ್ಳತನ ಎಂದರೆ ತಾನು ಎಸೆದದ್ದನ್ನೂ ಹೇಳಬೇಕಿತ್ತು. ಸೆರಾಫಿನ್ ಮಾತ್ರ ಹುಲ್ಲು ಸರಿಪಡಿಸಿ, ಹೆಣ್ಣುಮಗುವನ್ನು ಕರೆಯುವ ಹಾಗೆ "ಮಲಗು ಬಾಯೆ" ಎಂದಳಂತೆ. ಯಾರಿಗೆಂದು ಯಾರೂ ಕೇಳಲಿಲ್ಲ.

ಇಂದಿಗೂ ಡಿಸೆಂಬರಿನಲ್ಲಿ ಹೋದವರಿಗೆ ಬೇಲಿಯ ಸರಳುಗಳ ನಡುವೆ ತೂರಿಸಿದ ಹುಲ್ಲು ಕಾಣುತ್ತದೆ. ಸಮಾರಂಭಕ್ಕೆ ಮೊದಲು ಸಮಿತಿಯವರು ಕಸವೆಂದು ಅದನ್ನು ಗುಡಿಸಿ ಹಾಕುತ್ತಾರೆ, ಅಜ್ಜನ ಬುದ್ಧಿ ಎಲ್ಲಿಗೆ ಹೋದೀತು! ಈ ಸಲ ನೀವು ಬನ್ನಿ. ಮೇಣದ ಬತ್ತಿ ಬೇಡ, ಹೂ ಬೇಡ. ನಿಮ್ಮ ಮನೆಯಲ್ಲಿ ಇರುವವರಿಗೆ ತಲೆಗೊಂದು ಹಿಡಿ, ಸತ್ತವರಿಗೊಂದು ಹಿಡಿ ಹುಲ್ಲು ತನ್ನಿ. ಬೀಗದ ಕೈ ಯಾರ ಬಳಿಯಿದೆ ಎಂದು ಕೇಳುತ್ತ ನಿಲ್ಲಬೇಡಿ. ಬೇಲಿ ಹತ್ತಿ, ಒಳಗಿಳಿದು, ಹಾಸಿ.