ಟಿಪ್ಪಣಿಗೆ ಬಂದ ಮೊದಲ ಉತ್ತರ

ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಮಹಾನಂದಾ ಮೇಡಂ ಎಂಬ ಅಧ್ಯಾಪಕಿ ಇದ್ದರು. ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ಕಳಿಸಿದ ಅಸೈನ್‌ಮೆಂಟುಗಳನ್ನು ಒಂದು ಸಾಲೂ ಬಿಡದೆ ಓದಿ, ಪಕ್ಕದಲ್ಲಿ ಟಿಪ್ಪಣಿ ಬರೆದು ಹಿಂದಿರುಗಿಸುತ್ತಿದ್ದರು. ಪ್ರತಿ ಟಿಪ್ಪಣಿಯ ಕೆಳಗೆ ಉತ್ತರ ಬರೆಯಲು ಜಾಗವಿತ್ತು. ಅಲ್ಲಿ ಯಾರೂ ಒಂದಕ್ಷರ ಬರೆದವರಲ್ಲ. ಗುರುಗಳಿಗೆ ಎದುರುತ್ತರ ಕೊಡಬಾರದೆಂದು ಮನೆಯಲ್ಲಿ ಕಲಿತು ಬಂದ ಮಕ್ಕಳಲ್ಲವೇ! ಮಾರ್ಕ್ಸ್ ನೋಡುತ್ತಿದ್ದರು, 'ಸರಿಪಡಿಸಿದೆ' ಎಂಬ ಬಟನ್ ಒತ್ತುತ್ತಿದ್ದರು, ಟಿಪ್ಪಣಿ ಮಾಯವಾಗುತ್ತಿತ್ತು. ತಪ್ಪು ಮಾತ್ರ ಹಾಗೇ ಕೂತಿರುತ್ತಿತ್ತು.

ದಾಕ್ಷಾಯಿಣಿಯೂ ಹೀಗೇ ಬಟನ್ ಒತ್ತಿ ಒತ್ತಿ ಹಿಂದಿನ ವರ್ಷ ನಪಾಸಾಗಿದ್ದಳು. ಈ ಸಲವೂ ಹೋದರೆ ಓದಿಗೆ ಎಳ್ಳುನೀರು ಬಿಡಬೇಕಿತ್ತು. ಕ್ಯಾಂಪಸ್ಸಿಗೆ ಬರುವ ಬಸ್ಸು ದಿನವೂ ಏಕೆ ತಡ ಎಂಬುದು ಅವಳ ಅಸೈನ್‌ಮೆಂಟಿನ ವಿಷಯ. 'ಚಾಲಕರ ಸೋಮಾರಿತನವೇ ಕಾರಣ' ಎಂದು ಬರೆದು ಕಳಿಸಿದ್ದಳು. ಮೇಡಂ ಪಕ್ಕದಲ್ಲಿ ಕೇಳಿದ್ದರು: 'ಇದು ನಿನಗೆ ಹೇಗೆ ಗೊತ್ತು?'

ದಾಕ್ಷಾಯಿಣಿಗೆ ಮೈಯೆಲ್ಲ ಉರಿಯಿತು. ಆಮೇಲೆ ಅಳು ಬಂತು, ಏಕೆಂದರೆ ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕಣ್ಣೊರೆಸಿಕೊಂಡು ಉತ್ತರದ ಜಾಗದಲ್ಲಿ ಬರೆಯಲು ಹೊರಟಳು.

"ಹುಚ್ಚಿ ಏನ ನೀ? ಮೇಡಂಗ ಎದುರು ಮಾತಾಡ್ತೀಯಾ? ಸುಮ್ನ ಬಟನ್ ಒತ್ತು!" ಎಂದ ಪಕ್ಕದಲ್ಲಿದ್ದ ಗೆಳೆಯ ಈರೇಶ.

"ಒತ್ತಿ ಒತ್ತಿ ಒಂದು ವರ್ಷ ಕಳ್ಕೊಂಡೀನಿ. ಸಾಕಾತು ಬಿಡು," ಎಂದವಳೇ ಬರೆದಳು: 'ಮೇಡಂ, ಗೊತ್ತಿಲ್ಲ. ಹೇಗೆ ತಿಳಿದುಕೊಳ್ಳಲಿ?'

ಆ ಕ್ಷಣವೇ ಮರುತ್ತರ ಬಂತು: 'ಶಹಬ್ಬಾಸ್! ಇಷ್ಟು ವರ್ಷ ಗೋಡೆಗೆ ಹೇಳಿದಂತಾಗಿತ್ತು. ಚಾಲಕರ ಹಿಂದಿನ ಸೀಟಿನಲ್ಲಿ ಕೂತು ಬಾ. ಕಂಡದ್ದನ್ನು ಬರೆ.'

ವಾರವಿಡೀ ಹಾಗೇ ಕೂತು ಬಂದಳು. ಚಾಲಕರು ಚಹಾ ಕುಡಿಯಲೂ ಇಳಿಯಲಿಲ್ಲ. ಊರಾಚೆಯ ರೈಲ್ವೆ ಗೇಟು ಮಾತ್ರ ಬಸ್ಸು ಬರುವ ಹೊತ್ತಿಗೇ ದಿನವೂ ಬೀಳುತ್ತಿತ್ತು. ಬಸ್ಸು ತುಸು ಮುಂಚೆ ಹೊರಟರೆ ಸಾಕಿತ್ತು! ದಾಕ್ಷಾಯಿಣಿ ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಬರೆದಳು. ಮೇಡಂ ಮತ್ತೆ ಪ್ರಶ್ನೆ ಹಾಕಿದರು, ಅವಳು ಮತ್ತೆ ಉತ್ತರಿಸಿದಳು.

ಮೌಖಿಕ ಪರೀಕ್ಷೆಗೆ ಬೇರೆ ಊರಿನಿಂದ ಬಂದ ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿದರು. "ಅಲ್ಲವ್ವಾ, ಎಲ್ಲಾರೂ ಡ್ರೈವರ್‌ಗೆ ಬೈತಾರ. ನೀ ಒಬ್ಬಾಕೀನ ಗೇಟು ಅಂತೀಯಲ್ಲ?"

"ನಾ ಕೂತು ನೋಡೀನ್ರಿ ಸರ್. ನಾಳೆ ನೀವೂ ಬರ್ರಿ, ಸೀಟು ಹಿಡದಿರ್ತೀನಿ!"

ಪರೀಕ್ಷಕರು ಮನಸಾರೆ ನಕ್ಕರು. ದಾಕ್ಷಾಯಿಣಿ ತರಗತಿಗೇ ಮೊದಲಿಗಳಾಗಿ ಪಾಸಾದಳು. ಮೇಡಂ ಅವಳ ಬರಹವನ್ನು ಬಸ್ ಡಿಪೋಗೂ ಕಳಿಸಿದರು, ಬಸ್ಸಿನ ವೇಳೆ ಬದಲಾಯಿತು. ಮೊದಲ ಬಾರಿಗೆ ಬಸ್ಸು ಬೆಲ್ ಹೊಡೆಯುವ ಮುನ್ನವೇ ಕ್ಯಾಂಪಸ್ಸಿಗೆ ಬಂದು ನಿಂತಾಗ ಒಳಗಿದ್ದವರೆಲ್ಲ ಶಿಳ್ಳೆ ಹೊಡೆದರು. ಈರೇಶನ ಶಿಳ್ಳೆಯೇ ಎಲ್ಲರದಕ್ಕಿಂತ ಜೋರಾಗಿತ್ತು.

ನೀತಿ: ತಿದ್ದಿದವರ ಮಾತನ್ನು ಅಳಿಸಿದರೆ ನಮ್ಮ ತಪ್ಪು ಅಳಿಯುವುದಿಲ್ಲ. ತಿಳಿಯದ್ದನ್ನು ಗುರುಗಳನ್ನೇ ಮರಳಿ ಕೇಳಿದರೆ ಅವರ ಮರ್ಯಾದೆಗೆ ಕುಂದಿಲ್ಲ, ನಮ್ಮ ಓದಿಗೆ ಗೆಲುವುಂಟು.