ಬರ್ತೇನಿ ಅಂದವನು

ಹುಬ್ಬಳ್ಳಿಯ ಎಜ್ರಾ ಹಂಚಿನಮನಿ ದೇವಶಾಸ್ತ್ರದ ಕಾಲೇಜಿನಲ್ಲಿ ಎರಡು ವರ್ಷ ಓದಿದ್ದ. ದೇವರ ವಿಷಯದಲ್ಲಿ ತನಗೆ ತಿಳಿಯದ್ದು ಇನ್ನು ಬಹಳ ಉಳಿದಿಲ್ಲ ಎಂಬ ಧೈರ್ಯ ಅವನಿಗೆ. ಆ ಬೇಸಿಗೆ ರಜೆಗೆ ಚರ್ಚಿನ ಸಭೆಯವರು ಅವನನ್ನು ಮಲಾವಿ ದೇಶಕ್ಕೆ ಸೇವೆಗೆಂದು ಕಳಿಸಿದರು.

ಅಲ್ಲಿ ಶೀರೆ ಅಂತ ಒಂದು ನದಿ. ಸೀರೆಗೆ ಶೀರೆ ಅನ್ನುವ ಧಾರವಾಡದ ಕಡೆಯವರಿಗೆ ಹೆಸರು ಕೇಳಿದರೆ ನಗು ಬರುತ್ತದೆ, ಬರಲಿ. ಆ ನದಿ ದಂಡೆಯ ಊರಲ್ಲಿ ಇಪ್ಪತ್ತೆರಡು ವರ್ಷದಿಂದ ಲೋಯಿಸಬಾಯಿ ಇದ್ದರು. ಬೆಟಗೇರಿಯಿಂದ ನರ್ಸಾಗಿ ಹೋದವರು, ಅಲ್ಲೇ ಮುದುಕಿಯಾದರು. ಮಾತು ಕಡಿಮೆ. ಎಜ್ರಾನನ್ನು ಅವರ ಕೈಗೆ ಒಪ್ಪಿಸಿದ್ದರು.

ಬಂದ ದಿನವೇ ಅವನು ಕೇಳಿದ, "ಬಾಯಾರ, ಈ ಮಂದಿಗೆ ದೇವರನ್ನ ಹೆಂಗ ಮುಟ್ಟಸೂದ್ರಿ?"

"ದೇವರು ನಿನ್ನಕಿಂತ ಮೊದಲ ಬಂದಾನ. ನೀ ನೀರು ಕಾಸು."

ಎಜ್ರಾ ವಾರವಿಡೀ ನೀರು ಕಾಸಿದ. ಮಳೆಗೆ ಹೊಳೆ ಉಕ್ಕಿ ಬಾವಿಗಳೆಲ್ಲ ಕೆಟ್ಟಿದ್ದವು. ಊರಲ್ಲಿ ಕಾಲರಾ ಎದ್ದಿತ್ತು. ಆಸ್ಪತ್ರೆಯ ಡೇರೆ ಇದ್ದದ್ದು ಆಚೆ ದಂಡೆಗೆ. ರೋಗಿಗಳನ್ನು ದಾಟಿಸುವ ದೋಣಿ ದಿನಕ್ಕೊಂದೇ ಸಲ, ಮಧ್ಯಾಹ್ನ.

ಎರಡನೆಯ ವಾರ ಲೋಯಿಸಬಾಯಿ ಅವನ ಕೈಗೆ ಉಪ್ಪು-ಸಕ್ಕರೆಯ ಪೊಟ್ಟಣಗಳ ಚೀಲ ಕೊಟ್ಟು, ಮನೆ ಮನೆಗೆ ಹಂಚಿ ಬಾ ಅಂದರು. ಆ ಊರಿನ ನಾಲ್ಕು ಮಾತನ್ನೂ ಕಲಿಸಿದರು. ಕೊನೆಯದು ಎದ್ದು ಹೊರಡುವಾಗ ಹೇಳುವ ಮಾತು: ತ್ಸಲಾನಿ ಬ್ವಿನೊ.

"ಹಂಗಂದ್ರೇನ್ರಿ?"

"ಚಲೋತ್ನಾಗಿ ಇರ್ರಿ ಅಂತ. ಹೋಗಾಂವ ಇರೋರಿಗೆ ಹೇಳೂದು."

"ಅಂದ್ರ ನಾ ಹೊಂಟೆ ಅಂದಂಗಾತಲ್ರಿ! ಬ್ಯಾನಿ ಬಿದ್ದವರ ಮುಂದ ಯಾರರ ಹಂಗಂತಾರೇನ್ರಿ? ನಮ್ಮವ್ವ ಕೇಳಿದ್ರ ಕಸಬರಗಿ ತಗೋತಾಳ."

"ನಿಮ್ಮವ್ವ ಹುಬ್ಬಳ್ಳ್ಯಾಗ ಅದಾಳ. ಇಲ್ಲೆ ನಾ ಕಲಿಸಿದ್ದು ಹೇಳು."

ಹೂಂ ಅಂದ. ಆದರೆ ನಾಲಿಗೆ ಏಳಬೇಕಲ್ಲ! ನಮ್ಮ ಜನರ ಬಾಯಿಗೆ 'ಹೋಗ್ತೀನಿ' ಅನ್ನುವುದು ಬರುವುದೇ ಇಲ್ಲ. ಬಚ್ಚಲಿಗೆ ಹೋಗುವವನೂ ಬಂದೆ ಅಂತಲೇ ಏಳುತ್ತಾನೆ. ಎಜ್ರಾ ಮೆಲ್ಲಗೆ ದೋಣಿಯವನ ಹತ್ತಿರ ಹೋದ. ಹಾವಭಾವ ಮಾಡಿ, ತನಗೆ ಬರುವ ಇಂಗ್ಲಿಷು ಅವನಿಗೆ ಬರುವ ಇಂಗ್ಲಿಷು ಎರಡೂ ಕೂಡಿಸಿ, 'ಬರ್ತೇನಿ' ಅನ್ನಲಿಕ್ಕೆ ಇಲ್ಲಿ ಏನನ್ನುತ್ತಾರೆ ಅಂತ ಕೇಳಿಕೊಂಡ.

"ನ್ದಿಕುಬ್ವೆರಾ," ಅಂದ ದೋಣಿಯವನು.

ಅಂದಿನಿಂದ ಪ್ರತಿ ಮನೆಯಲ್ಲಿ ಏಳುವಾಗ ಎಜ್ರಾ ಕೈಮುಗಿದು ನ್ದಿಕುಬ್ವೆರಾ ಅನ್ನುತ್ತಿದ್ದ. ಅಂದಕೂಡಲೇ ಜನರ ಮುಖ ಅರಳುತ್ತಿತ್ತು. ಅವನು ಕೂತೆದ್ದ ಮಣೆಯನ್ನು ಒಳಗೆ ಒಯ್ಯದೆ ಅಲ್ಲೇ ಬಿಡುತ್ತಿದ್ದರು. ಅವನಿಗೋ ಹಿಗ್ಗೇ ಹಿಗ್ಗು. ಇಲ್ಲಿನ ಮಂದಿ ನನ್ನ ಭಾಳ ಹಚ್ಚಿಕೊಂಡಾರ ಅಂತ ತಾಯಿಗೆ ಬರೆದ.

ಒಂದು ಗುರುವಾರ ಬೆಳಿಗ್ಗೆ ಎಸಿನಾಟಿ ಎಂಬ ವಿಧವೆಯ ಮನೆಗೆ ಹೋದ. ಅವಳಿಗೆ ಇದ್ದವಳು ಒಬ್ಬಳೇ ಮಗಳು, ಮಲಿಟಾ, ಇಪ್ಪತ್ತರ ಹುಡುಗಿ. ಎರಡು ಸಲ ವಾಂತಿಯಾಗಿತ್ತು ಅಷ್ಟೆ; ಗೋಡೆಗೆ ಒರಗಿ ಕೂತು ಅವನ ಉಚ್ಚಾರಕ್ಕೆ ನಕ್ಕಳು. ಅವನು ನೀರು ಕಲಸಿ ಕುಡಿಸಿದ. ಎಸಿನಾಟಿ ಹೊಳೆಯ ಕಡೆ ಕೈ ಮಾಡಿ ಏನೋ ಕೇಳಿದಳು. ಅರ್ಥವಾಗಲಿಲ್ಲ. ಇನ್ನೂ ಹನ್ನೊಂದು ಮನೆ ಇದ್ದವು. ಎದ್ದು ಕೈಮುಗಿದ.

"ನ್ದಿಕುಬ್ವೆರಾ."

ಎಸಿನಾಟಿ ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಮರುದಿನ ಅವನು ಬಂದಾಗ ಮಣೆ ಬಾಗಿಲ ಹೊರಗೇ ಇತ್ತು. ಅಂಗಳದ ತುಂಬ ಹೆಂಗಸರು ನೆಲದ ಮೇಲೆ ಕೂತಿದ್ದರು. ಮಲಿಟಾ ಇರಲಿಲ್ಲ. ಅಂಥ ಹೆಣ ಇಟ್ಟುಕೊಳ್ಳುವಂತಿಲ್ಲ, ಬೆಳಗಾಗುತ್ತಲೇ ಮಣ್ಣು ಮಾಡಿದ್ದರು.

ಎಸಿನಾಟಿ ತಲೆಯೆತ್ತಿ ಅವನನ್ನು ನೋಡಿದಳು.

"ಮ್ವಾಬ್ವೆರಾ," ಅಂದಳು.

ಬಂದೆಯಾ, ಅಂತ. ಅಷ್ಟು ಅವನಿಗೆ ತಿಳಿಯಿತು. ಅರ್ಧ ಅವನದೇ ಮಾತು.

ಹಿಂದೆಯೇ ಬಂದ ಲೋಯಿಸಬಾಯಿ ಹೆಂಗಸರ ನಡುವೆ ಕೂತು ಎಲ್ಲ ಕೇಳಿಕೊಂಡರು. ಆಮೇಲೆ ಅವನನ್ನು ಹೊಳೆ ದಂಡೆಗೆ ಕರೆದರು.

"ನಿನ್ನೆ ಏಳೂಮುಂದ ಏನಂದಿ?"

"ಬರ್ತೇನಿ ಅಂದೆರಿ. ಇವರ ಮಾತಿನಾಗ."

"ನಾ ಕಲಿಸಿದ್ದು?"

"ಅದು ನಾಲಿಗಿಗೆ ಬರಲಿಲ್ರಿ."

"ಎದ್ದು ಹೋಗೂಮುಂದ ಇವರು ಹಂಗಂದ್ರ, ಈಗ ಬಂದೆ ಅಂತ ಅರ್ಥ. ಇಲ್ಲೇ ಹೋಗಿ ಹೊಳ್ಳಿ ಬಂದೆ, ಏಳಬ್ಯಾಡ್ರಿ ಅಂತ."

"ನಾ ಹೊಳ್ಳಿ ಹೋಗಲೇ ಇಲ್ಲಲ್ರಿ."

"ಮಧ್ಯಾಹ್ನ ಹುಡುಗಿ ನೆಲಾ ಹಿಡದಳು. ದೋಣಿಗೆ ಹೊರಾಕ ಮಂದಿ ಬಂದಿದ್ರು. ಎಸಿನಾಟಿ ಬಿಡಲಿಲ್ಲಂತ. ಆ ಹುಡುಗ ಔಷಧ ತರಾಕ ಹೋಗ್ಯಾನ, ಈಗ ಬರ್ತಾನ ಅಂದಳಂತ. ದೋಣಿ ಹೋತು. ಹೊತ್ತು ಮುಳುಗೂಮುಂದ ಮಗಳೂ ಹೋದಳು."

ನಿನ್ನೆ ಹೊತ್ತು ಮುಳುಗುವಾಗ ಎಜ್ರಾ ಊರಿನ ತಗಡಿನ ಚರ್ಚಿನಲ್ಲಿ ಮೊಣಕಾಲೂರಿ, ಇದೇ ಊರಿಗಾಗಿ ಕಣ್ಣೀರು ಹಾಕಿ ಪ್ರಾರ್ಥಿಸುತ್ತಿದ್ದ. ಅಲ್ಲಿಂದ ಎಸಿನಾಟಿಯ ಮನೆಗೆ ಇನ್ನೂರು ಹೆಜ್ಜೆ. ಅದು ಈಗ ನೆನಪಾಯಿತು. ದಂಡೆಯ ಮೇಲೇ ಕೂತುಬಿಟ್ಟ.

"ನಾ ಕೊಂದೆ ಬಾಯಾರ."

ಇಲ್ಲಪಾ, ಹಂಗನಬ್ಯಾಡ ಅಂತಾರೆ ಅಂದುಕೊಂಡಿದ್ದ. ಅವರು ಅನ್ನಲಿಲ್ಲ.

"ರೋಗ ಕೊಂತು. ಮಾತು ನಿಂದ," ಅಂದರು.

ಎಜ್ರಾ ಬಿಕ್ಕಿ ಬಿಕ್ಕಿ ಅತ್ತ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ನಾಳೆ ಬೆಳಿಗ್ಗೆ ಪಟ್ಟಣಕ್ಕೆ ಲಾರಿ ಹೋಗುತ್ತದೆ, ನಾನು ಹೊರಟೆ ಅಂದ. ನನಗೆ ಈ ಸೇವೆ ಬೇಡ, ಇನ್ನು ಪ್ರಾರ್ಥನೆಯೂ ನನ್ನ ಬಾಯಲ್ಲಿ ಬರುವುದಿಲ್ಲ ಅಂದ.

"ಯಾರಿಗೆ ಮಾಡಲಿ ಹೇಳ್ರಿ! ಶಿಲುಬಿ ಏರಿದ ಆತನೂ ಬರ್ತೇನಿ ಅಂತ ಹೇಳೇ ಹೋದಾಂವ. ಎರಡು ಸಾವಿರ ವರ್ಷಾತು. ಮಂದಿ ಬಾಗಲಾ ತಗದು ಕುಂತಾರ. ನನಗೂ ಆತಗೂ ಏನ ಫರಕ್ರಿ?"

ದೇವರಿಗೆ ಇಂಥ ಮಾತು ಆಡಿದೆನಲ್ಲಾ ಅಂತ ಅವನಿಗೇ ಹೆದರಿಕೆಯಾಯಿತು. ಲೋಯಿಸಬಾಯಿ ಬೈಯಲಿಲ್ಲ. ಸೆರಗಿನಿಂದ ಅವನ ಮುಖ ಒರೆಸಿದರು.

"ಆತನ ಮಾತು ಆತ ನೋಡ್ಕೋತಾನ. ನೀ ಏಳು."

ಅವನನ್ನು ಎಸಿನಾಟಿಯ ಮನೆಗೇ ಕರೆತಂದರು. ಹೆಂಗಸರು ಚದುರಿದ್ದರು. ಅವಳು ಒಳಗೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಹೊಳೆಯಲ್ಲಿ ಮಧ್ಯಾಹ್ನದ ದೋಣಿ ಹೊರಡುತ್ತಿತ್ತು.

ಲೋಯಿಸಬಾಯಿ ಹೊಸ್ತಿಲ ಹೊರಗೆ ನೆಲ ತೋರಿಸಿದರು. "ಕುಂದ್ರು. ದಾರಿ ನೋಡು."

"ಯಾರು ಬರ್ತಾರ್ರಿ?"

"ಯಾರೂ ಬರಂಗಿಲ್ಲ."

"ಮತ್ತ?"

"ನಿನ್ನೆ ಆಕಿ ಕುಂತಷ್ಟು ಹೊತ್ತು ಕುಂದ್ರು."

ಎಜ್ರಾ ಕೂತ. ಮೊದಲ ಒಂದು ತಾಸು ತನ್ನ ದುಃಖವೇ ಅವನಿಗೆ ದೊಡ್ಡದಾಗಿತ್ತು. ಎಂಥ ಪಾಪಿ ನಾನು, ನನಗೆ ಎಂಥ ಗತಿ ಬಂತು, ಊರಿಗೆ ಹೋಗಿ ಯಾವ ಮುಖ ತೋರಿಸಲಿ, ಬರೇ ಇಂಥದೇ. ಆಮೇಲೆ ಕಾಲು ಜೋಮು ಹಿಡಿದವು. ಬಾಯಾರಿತು. ದಾರಿಯ ತಿರುವಿನಲ್ಲಿ ಯಾರದೋ ತಲೆ ಕಂಡಿತು. ಯಾರಿಗೂ ಕಾಯುತ್ತಿಲ್ಲದ ಅವನೂ ತಟ್ಟನೆ ನೆಟ್ಟಗಾದ.

ಕಟ್ಟಿಗೆ ಹೊತ್ತ ಹೆಂಗಸು. ಹೋದಳು.

ಮತ್ತೆ ಒಂದು ತಲೆ. ಸೈಕಲ್ಲಿನವನು. ಅವನೂ ಹೋದ.

ಆಗ ಅವನಿಗೆ ಹೊಳೆಯಿತು. ನಿನ್ನೆ ಪ್ರತಿ ತಲೆ ಕಂಡಾಗಲೂ ಆಕೆ ಒಳಗಿನ ಮಗಳಿಗೆ ಏನೋ ಹೇಳಿರಬೇಕು. ಬಂದ ನೋಡು, ಅಂತ. ಬಂದ, ತಡಿ ತಾಯಿ, ಅಂತ. ಎಷ್ಟು ಸಲ ಹೇಳಿದಳೋ! ಬೆಳಗಿನಿಂದ ಎಜ್ರಾ ಅತ್ತದ್ದೆಲ್ಲ ತನಗಾಗಿ. ಈಗ ಮೊದಲ ಸಲ ಅವಳಿಗಾಗಿ ಕಣ್ಣು ತುಂಬಿತು.

ಬಿಸಿಲು ಇಳಿಯಿತು. ಎಸಿನಾಟಿ ಎದ್ದು ಬಂದು ಹೊಸ್ತಿಲ ಒಳಗೆ ಕೂತಳು. ಅವನ ಕಡೆ ನೋಡಲಿಲ್ಲ. ಅಂಗಳದಾಚೆ ಕೂತಿದ್ದ ಲೋಯಿಸಬಾಯಿಗೆ ಏನೋ ಕೇಳಿದಳು, ಅವರು ಏನೋ ಹೇಳಿದರು.

"ಏನಂದಳ್ರಿ?"

"ಈ ಹುಡುಗ ಯಾರ ದಾರಿ ನೋಡಾಕ್ಹತ್ಯಾನ ಅಂದಳು."

"ನೀವೇನಂದ್ರಿ?"

"ತನ್ನ ದಾರಿ ತಾನ ನೋಡಾಕ್ಹತ್ಯಾನ ಅಂದೆ."

ಎಸಿನಾಟಿ ಬೈಯಲಿಲ್ಲ, ಕ್ಷಮಿಸಿದೆ ಅಂತಲೂ ಅನ್ನಲಿಲ್ಲ. ಮೂವರೂ ದಾರಿ ನೋಡುತ್ತ ಕೂತರು. ಹೊತ್ತು ಮುಳುಗಿತು.

ಲೋಯಿಸಬಾಯಿ ಮೊಣಕಾಲಿಗೆ ಕೈಕೊಟ್ಟು ಎದ್ದರು. ಎಜ್ರಾನೂ ಎದ್ದ. ಎಸಿನಾಟಿಯ ಮುಂದೆ ತಲೆ ತಗ್ಗಿಸಿ ನಿಂತ, ತುಟಿ ಬಿಚ್ಚಲಿಲ್ಲ, ಹಾಗೇ ಹಿಂದೆ ತಿರುಗಿದ.

"ಏನೂ ಹೇಳದನ ಹೊಂಟ್ಯಲ್ಲ?"

"ಸತ್ತ ಮನ್ಯಾಗ ಬರ್ತೇನಿ ಅನಬಾರದ್ರಿ, ಬಾಯಾರ. ಸುಮ್ಮನ ಎದ್ದು ಹೋಗಬೇಕು. ನಮ್ಮ ಕಡೆ ಹಂಗ ಅಲ್ರಿ?"

"ನಮ್ಮ ಕಡೆ ಹಂಗ."

"ಮತ್ತ?"

ಲೋಯಿಸಬಾಯಿ ಅವನ ಹೆಗಲು ಹಿಡಿದು ಎಸಿನಾಟಿಯ ಕಡೆ ತಿರುಗಿಸಿದರು.

"ಹೇಳು," ಅಂದರು. "ಹೇಳಿ, ಈ ಸರ್ತಿ ಬಾ."