ಕತ್ತಿಯ ಮೂರನೆಯ ಹೆಸರು

ಅಪ್ಪಚ್ಚು ಬೆಳಿಗ್ಗೆಯೇ ಆಶ್ರಮಕ್ಕೆ ಬಂದ. ಬಗಲಲ್ಲಿ ಬಟ್ಟೆ ಸುತ್ತಿದ ಕತ್ತಿಯಿತ್ತು.

ಗುರು ರುದ್ರಮುನಿಗಳು ಹೊಳೆಯ ಮೆಟ್ಟಿಲ ಮೇಲೆ ಪಂಚೆ ಹಿಂಡುತ್ತಿದ್ದರು. ಕೂತುಕೋ ಎಂದರೂ ಅವನು ಕೂರಲಿಲ್ಲ.

“ಇದನ್ನು ಒಯ್ಯಲು ಆಕೆ ಮಧ್ಯಾಹ್ನ ಬರುತ್ತಾರೆ ಗುರುಗಳೇ.”

“ಬರಲಿ.”

“ಏನು ಹೇಳಬೇಕು ಅಂತ ಇನ್ನೂ ತಿಳೀತಾ ಇಲ್ಲ.”

ಜಪಾನಿ ಸೈನ್ಯದ ಕತ್ತಿಗಳನ್ನು ಕೂಡಿಡುವುದು ಅಪ್ಪಚ್ಚುವಿನ ಹುಚ್ಚು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿದ್ದ ಸಿಪಾಯಿಗಳು ಹೊತ್ತು ತಂದ ಕತ್ತಿಗಳು ಅವನ ಊರಿನ ಕಡೆಯ ಕೆಲವು ಮನೆಗಳ ಅಟ್ಟದಲ್ಲಿದ್ದವು. ಅವನ್ನು ಕೇಳಿ ತಂದು, ತುಕ್ಕು ತೆಗೆದು, ಯಾರು ಮಾಡಿದ್ದು, ಯಾರು ಹಿಡಿದದ್ದು, ಎಲ್ಲಿ ಕೈ ಬದಲಾಯಿತು ಎಂದು ಪತ್ತೆ ಹಚ್ಚುತ್ತಿದ್ದ.

ಈ ಕತ್ತಿಯ ಒಡೆಯನಾಗಿದ್ದ ಅಧಿಕಾರಿಯ ಮಗಳನ್ನೂ ಪತ್ತೆ ಹಚ್ಚಿದ್ದ. ಹಿಸಾಕೊ ಎಂದು ಹೆಸರು. ಜಪಾನಿನಲ್ಲೇ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ತಂದೆ ಯುದ್ಧಕ್ಕೆ ಹೊರಟಾಗ ಆಕೆ ಅಂಬೆಗಾಲಿಡುವ ಕೂಸು.

ಅಪ್ಪಚ್ಚು ಆಕೆಗೆ ಫೋನಿನಲ್ಲಿ ಹೇಳಿದ್ದ: ಯುದ್ಧ ಮುಗಿದಾಗ ನಿಮ್ಮ ತಂದೆ ಈ ಕತ್ತಿಯನ್ನು ತಾವಾಗಿಯೇ ಕೆಳಗಿಟ್ಟರು, ಆಮೇಲೆ ಸೆರೆಯಲ್ಲಿ ಜ್ವರ ಬಂದು ತೀರಿಕೊಂಡರು. ಕತ್ತಿ ಕೊಟ್ಟ ಮನೆಯವರು ಹಾಗೆಂದಿದ್ದರು. ಅವನೂ ನಂಬಿದ್ದ.

ಈಚೆಗೆ ಅದೇ ಮನೆಯ ಅಜ್ಜ ಬೆಳ್ಯಪ್ಪ ಅವನನ್ನು ಕರೆಸಿಕೊಂಡಿದ್ದರು. ಕತ್ತಿ ತಂದ ಸಿಪಾಯಿ ಅವರೇ. ಮಕ್ಕಳಿಗೂ ಹೇಳದೇ ಇದ್ದದ್ದನ್ನು ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳಿದರು.

“ಏನು ಹೇಳಿದರು?” ರುದ್ರಮುನಿಗಳು ಪಂಚೆಯನ್ನು ಕಲ್ಲಿನ ಮೇಲೆ ಹರವಿದರು.

“ಆ ಅಧಿಕಾರಿ ಶರಣಾಗಲೇ ಇಲ್ಲವಂತೆ. ಒಂದು ಹಳ್ಳಿಯಲ್ಲಿ ಮೂವರನ್ನು ಮರಕ್ಕೆ ಕಟ್ಟಿಸಿ, ಶತ್ರುಗಳಿಗೆ ಸುದ್ದಿ ಕೊಟ್ಟಿರಿ ಅಂತ ಈ ಕತ್ತಿಯಿಂದಲೇ ಕಡಿದನಂತೆ. ಬೆಳ್ಯಪ್ಪಜ್ಜನ ತುಕಡಿ ಅಲ್ಲಿಗೆ ತಲುಪುವಾಗ ತಡವಾಗಿತ್ತು. ಅವನಿಗೆ ಗುಂಡು ಹೊಡೆದದ್ದು ಅಜ್ಜನೇ.”

“ಇದನ್ನು ಆಕೆಗೆ ಹೇಳಬೇಕೋ ಬೇಡವೋ ಅಂತ ಕೇಳ್ತಾ ಇದ್ದೀಯ.”

“ಹೌದು. ಹೇಳಿದರೆ ಆಕೆಯ ಎದೆ ಒಡೆಯುತ್ತೆ. ಹೇಳದಿದ್ದರೆ ನನ್ನ ಕೆಲಸವೇ ಸುಳ್ಳು. ತಾವು ಹೇಳಿದ ಹಾಗೆ ಮಾಡ್ತೀನಿ.”

“ಕತ್ತಿ ಬಿಚ್ಚು.”

ಅವನು ಒರೆಯಿಂದ ಎಳೆದ.

“ಹಿಡಿಯನ್ನೂ ಬಿಚ್ಚು.”

ಹಿಡಿಯಲ್ಲಿ ಒಂದು ಬಿದಿರಿನ ಗೂಟವಿತ್ತು. ಅದನ್ನು ತಟ್ಟಿ ಹೊರಗೆ ತೆಗೆದ. ಹಿಡಿ ಕಳಚಿತು. ಒಳಗೆ ಹುದುಗಿದ್ದ ಕಬ್ಬಿಣದಲ್ಲಿ ಅಕ್ಷರಗಳು ಕಂಡವು.

“ಏನು ಬರೆದಿದೆ?”

“ಈ ಬದಿ ಮಾಡಿದ ಕಮ್ಮಾರನ ಹೆಸರು. ಆ ಬದಿ ಮಾಡಿಸಿಕೊಂಡವನದು.”

“ಮೂರನೆಯ ಹೆಸರು?”

“ಇರೋದೇ ಎರಡು ಗುರುಗಳೇ. ಮೂರನೆಯದು ಯಾರದು?”

ರುದ್ರಮುನಿಗಳು ಅಲಗಿನ ಅಂಚನ್ನು ಮುಟ್ಟದೆ, ಅದರ ಉದ್ದಕ್ಕೂ ಬೆರಳು ಆಡಿಸಿ ತೋರಿಸಿದರು.

“ಇದರ ಮುಂದೆ ನಿಂತವರದು.”

ಅಪ್ಪಚ್ಚು ಅಕ್ಷರಗಳನ್ನು ಮತ್ತೊಮ್ಮೆ ನೋಡಿದ. ಬೆಳ್ಯಪ್ಪಜ್ಜನನ್ನು ಅವನು ಅಧಿಕಾರಿಯ ದರ್ಜೆ ಕೇಳಿದ್ದ, ಪಡೆಯ ಹೆಸರು ಕೇಳಿದ್ದ, ಹಳ್ಳಿ ಯಾವುದೆಂದು ಕೇಳಿದ್ದ. ಸತ್ತವರು ಯಾರೆಂದು ಕೇಳಿರಲಿಲ್ಲ.

“ಆಕೆಗೆ ಹೇಳಲೋ ಬೇಡವೋ, ಅದನ್ನು ತಾವು ಹೇಳಲೇ ಇಲ್ಲ,” ಎಂದ.

ರುದ್ರಮುನಿಗಳು ಚಾಪೆ ತರಲು ಒಳಗೆ ಹೋದರು.

ಊಟದ ಹೊತ್ತು ಕಳೆದ ಮೇಲೆ ಹಿಸಾಕೊ ಬಂದರು. ಚಿಕ್ಕ ಮೈಕಟ್ಟು, ಬೆಳ್ಳಗಾದ ಕೂದಲು. ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಮಂಡಿಯೂರಿ ಕೂತರು. ಮುಂದಿದ್ದ ಕತ್ತಿಗೆ ತಲೆಬಾಗಿದರು.

“ನಿಮಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು,” ಎಂದರು ಅಪ್ಪಚ್ಚುವಿಗೆ, ಇಂಗ್ಲಿಷಿನಲ್ಲಿ. “ನೀವು ಫೋನ್ ಮಾಡಿದಾಗ ಅಮ್ಮ ಇನ್ನೂ ಇದ್ದರು. ಅಪ್ಪ ಕತ್ತಿ ಕೆಳಗಿಟ್ಟರಂತೆ ಅಂದೆ. ‘ಅವರು ಅಂಥವರೇ’ ಅಂದರು. ಆ ವಾರವೇ ಹೋಗಿಬಿಟ್ಟರು. ನೆಮ್ಮದಿಯಿಂದ ಹೋದರು.”

ಅಪ್ಪಚ್ಚು ಗುರುಗಳ ಕಡೆ ನೋಡಿದ. ಅವರು ಲೋಟಕ್ಕೆ ನೀರು ಬಗ್ಗಿಸುತ್ತಿದ್ದರು.

ಹಿಸಾಕೊ ಕತ್ತಿ ಎತ್ತಿಕೊಳ್ಳಲು ಕೈ ಚಾಚಿದರು.

“ಸ್ವಲ್ಪ ತಡೆಯಿರಿ,” ಎಂದ ಅಪ್ಪಚ್ಚು. “ಮುಟ್ಟುವ ಮೊದಲು ನನ್ನ ಮಾತು ಕೇಳಿ. ನಾನು ನಿಮಗೆ ಹೇಳಿದ್ದು ನಿಜವಲ್ಲ.”

ಹೇಳಿದ. ಮರ, ಹಗ್ಗ, ಮೂವರು, ಬೆಳ್ಯಪ್ಪಜ್ಜನ ಗುಂಡು. ಯಾವುದನ್ನೂ ಮೆತ್ತಗೆ ಮಾಡಲಿಲ್ಲ, ದೊಡ್ಡದೂ ಮಾಡಲಿಲ್ಲ.

ಆಕೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

“ಅಮ್ಮನಿಗೆ ಸುಳ್ಳು ಹೇಳಿ ಕಳಿಸಿದ ಹಾಗಾಯಿತು,” ಎಂದರು.

“ತಪ್ಪು ನನ್ನದು.”

“ಹೌದು, ನಿಮ್ಮದೇ.”

ಆಕೆ ಎದ್ದು ಹೊಳೆಯ ಮೆಟ್ಟಿಲಿಗೆ ಹೋದರು. ಬಹಳ ಹೊತ್ತು ಅಲ್ಲೇ ನಿಂತರು. ಅಪ್ಪಚ್ಚು ಎರಡು ಸಲ ಎದ್ದ, ಎರಡು ಸಲವೂ ರುದ್ರಮುನಿಗಳು ಕಣ್ಣಿನಲ್ಲೇ ಕೂರಿಸಿದರು. ಆಕೆ ಬಿದ್ದುಬಿಟ್ಟರೆ ಎಂದು ಅವನಿಗೆ ಭಯ. ಬೈದು ಹೊರಟುಹೋದರೆ ಎಂದೂ ಭಯ.

ಆಕೆ ಹಿಂದಿರುಗಿ ಬಂದರು. ಕಣ್ಣುಗಳು ಕೆಂಪಾಗಿದ್ದವು.

“ಆ ಮೂವರು ಯಾರು?”

“ಗೊತ್ತಿಲ್ಲ.”

“ಗಂಡಸರೇ? ಹುಡುಗರೇ?”

“ಅದೂ ಗೊತ್ತಿಲ್ಲ. ನಾನು ಕೇಳಲಿಲ್ಲ.”

“ನನ್ನ ತಂದೆಯ ಹೆಸರು ಹುಡುಕಿ ತೆಗೆದಿರಿ. ನನ್ನನ್ನು ಹುಡುಕಿ ತೆಗೆದಿರಿ.” ಆಕೆಯ ದನಿ ಏರಲಿಲ್ಲ. “ಅವರಿಗೆ ಕೈ ಮುಗಿಯದೆ ನಾನು ಈ ಕತ್ತಿಯನ್ನು ಹೇಗೆ ಮುಟ್ಟಲಿ?”

ಕತ್ತಿಯನ್ನು ಇದ್ದಲ್ಲೇ ಬಿಟ್ಟು, ರುದ್ರಮುನಿಗಳು ಕೊಟ್ಟ ನೀರು ಕುಡಿದು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟರು. ಬಾಗಿಲ ಬಳಿ ಅಪ್ಪಚ್ಚುವಿನ ಕಡೆ ತಿರುಗಿದರು.

“ಗೊತ್ತಾದರೆ ಫೋನ್ ಮಾಡಿ. ನಾನೂ ಆ ಹಳ್ಳಿಗೆ ಬರುತ್ತೇನೆ.”

ಕಾರು ಹೊರಟುಹೋಯಿತು.

ಅಪ್ಪಚ್ಚು ಹಿಡಿಯನ್ನು ಮತ್ತೆ ಕೂಡಿಸಲು ನೋಡಿದ. ಗೂಟ ತೂತಿಗೆ ಸೇರದೆ ಜಾರಿತು. ಅದನ್ನು ಕೆಳಗಿಟ್ಟು ತಲೆಯ ಮೇಲೆ ಕೈ ಹೊತ್ತು ಕೂತ.

“ಎಲ್ಲಿಯ ಬರ್ಮಾ, ಎಲ್ಲಿಯ ಹಳ್ಳಿ. ಅರವತ್ತು ವರ್ಷದ ಮೇಲಾಯಿತು ಗುರುಗಳೇ. ಸತ್ತವರ ಕಡೆಯವರು ಅಂತ ಅಲ್ಲಿ ಈಗ ಯಾರು ಉಳಿದಿರುತ್ತಾರೆ?”

ರುದ್ರಮುನಿಗಳು ಆಕೆ ಕೂತಿದ್ದ ಚಾಪೆಯನ್ನು ಸುತ್ತುತ್ತಿದ್ದರು.

“ಕೊಂದವನ ಮಗಳು ಉಳಿದಿದ್ದಳಲ್ಲ,” ಎಂದರು.